ತೇಜೊ ದಂಡೆಯ ಬೂದಿ ಮತ್ತು ಬೆಳಕು

ಬೆಳಕಿನ ಇತಿಹಾಸ ಬರೆಯುವವರು ದೀಪ ಹೊತ್ತಿದ ದಿನವನ್ನು ತಪ್ಪದೆ ನಮೂದಿಸುತ್ತಾರೆ. ಯಾವ ರಸ್ತೆಯಲ್ಲಿ ಮೊದಲ ವಿದ್ಯುದ್ದೀಪ ಉರಿಯಿತು, ಗುಂಡಿ ಒತ್ತಿದ ಗಣ್ಯರು ಯಾರು, ನೆರೆದ ಜನ ಎಷ್ಟು ಬೆರಗಾದರು ಎಂಬ ವಿವರಗಳೆಲ್ಲ ದಾಖಲೆಯಲ್ಲಿ ಉಳಿಯುತ್ತವೆ. ಆ ದೀಪಕ್ಕಾಗಿ ಕಲ್ಲಿದ್ದಲು ಹೊತ್ತವರು, ಒಲೆಯ ಅಡಿಯಲ್ಲಿ ನಿಂತು ಬೂದಿ ಎಳೆದವರು ಎಲ್ಲಿ ಹೋದರು ಎಂದು ಕೇಳಿದರೆ ಉತ್ತರ ಸುಲಭವಾಗಿ ಸಿಗುವುದಿಲ್ಲ. ಆ ಉತ್ತರದ ಒಂದು ಪಾಲನ್ನಾದರೂ ಕಟ್ಟಡದ ರೂಪದಲ್ಲೇ ಉಳಿಸಿಕೊಂಡಿರುವ ಸ್ಥಳವೊಂದು ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನಲ್ಲಿ, ತೇಜೊ ನದಿಯ ದಂಡೆಯಲ್ಲಿದೆ.

ಅದು ಕಲೆ, ವಾಸ್ತುಶಿಲ್ಪ ಮತ್ತು ತಂತ್ರಜ್ಞಾನದ ಮ್ಯೂಸಿಯಂ. ಪೋರ್ಚುಗೀಸ್ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಜನ ಇದನ್ನು 'ಮಾಟ್' ಎಂದು ಕರೆಯುತ್ತಾರೆ. ಇಲ್ಲಿ ಎರಡು ಕಟ್ಟಡಗಳು ಅಕ್ಕಪಕ್ಕದಲ್ಲಿವೆ. ಒಂದು, ಕೆಂಪು ಇಟ್ಟಿಗೆಯ ಹಳೆಯ ಉಷ್ಣ ವಿದ್ಯುದಾಗಾರ. ಇನ್ನೊಂದು, 2016ರಲ್ಲಿ ಬಾಗಿಲು ತೆರೆದ, ಬಿಳಿ ಪಿಂಗಾಣಿ ಬಿಲ್ಲೆಗಳನ್ನು ಹೊದ್ದ ತಗ್ಗು ಕಟ್ಟಡ. ಮೊದಲನೆಯದು ಇಡೀ ನಗರಕ್ಕೆ ಬೆಳಕು ಕೊಟ್ಟ ಯಂತ್ರ. ಎರಡನೆಯದು ಇಂದಿನ ಕಲಾವಿದರಿಗೆ ಮೀಸಲಾದ ಅಂಗಳ. ನದಿಯ ಹೆಸರಿಗೂ ನಮ್ಮ 'ತೇಜಸ್ಸು' ಎಂಬ ಮಾತಿಗೂ ಯಾವ ನಂಟೂ ಇಲ್ಲ. ಆದರೂ ಬೆಳಕು ಹುಟ್ಟಿದ ಸ್ಥಳದ ಹೆಸರು ಕನ್ನಡದ ಕಿವಿಗೆ ಹಾಗೆ ಕೇಳಿಸುವುದು ಒಂದು ಚೆಂದದ ಆಕಸ್ಮಿಕ.

ಮೆಣಸಿನ ಹಣ, ನದಿಯ ದಂಡೆ

ನಗರದ ನಡುವಿನಿಂದ 15ನೇ ಸಂಖ್ಯೆಯ ಟ್ರಾಮ್ ಹತ್ತಿದರೆ ನದಿಯ ಗುಂಟ ಪಶ್ಚಿಮಕ್ಕೆ ಸಾಗಿ ಬೆಲೆಮ್ ಎಂಬ ಬಡಾವಣೆ ತಲುಪಬಹುದು. ಮ್ಯೂಸಿಯಂ ಇರುವುದು ಇಲ್ಲಿ. ಬೆಲೆಮ್ ಎಂದರೆ ಬೆತ್ಲೆಹೆಮ್. ವಾಸ್ಕೊ ಡ ಗಾಮನ ಹಡಗುಗಳು 1497ರ ಜುಲೈ 8ರಂದು ಹೊರಟದ್ದು ಇದೇ ದಂಡೆಯಿಂದ. ಮರುವರ್ಷದ ಮೇ ತಿಂಗಳಲ್ಲಿ ಆತ ಕೋಳಿಕ್ಕೋಡು ತಲುಪಿದ. ಹಿಂದಿರುಗುವ ದಾರಿಯಲ್ಲಿ ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ ತಂಗಿ ಹಡಗುಗಳನ್ನು ರಿಪೇರಿ ಮಾಡಿಸಿಕೊಂಡ. ನಮ್ಮ ಕರಾವಳಿಗೂ ಈ ನದಿಗೂ ನಡುವಿನ ಲೆಕ್ಕಾಚಾರ ಶುರುವಾದದ್ದು ಅಲ್ಲಿಂದ.

ಆ ಲೆಕ್ಕದಲ್ಲಿ ಮುಖ್ಯವಾದ ಸರಕು ಕಾಳುಮೆಣಸು. ಮ್ಯೂಸಿಯಮ್ಮಿನಿಂದ ಹದಿನೈದು ನಿಮಿಷ ನಡೆದರೆ ಸಿಗುವ ಜೆರೋನಿಮೊಸ್ ಮಠದ ಕಟ್ಟಡ ಆರಂಭವಾದದ್ದು 16ನೇ ಶತಮಾನದ ಮೊದಲ ವರ್ಷಗಳಲ್ಲಿ. ಹಗ್ಗ, ಹವಳ, ಕಡಲ ಜೀವಿಗಳನ್ನು ಕಲ್ಲಿನಲ್ಲಿ ಕೆತ್ತಿದ ಈ ಬೃಹತ್ ಮಠಕ್ಕೆ ಹಣ ಒದಗಿದ್ದು ಪೂರ್ವದೇಶಗಳ ಮತ್ತು ಆಫ್ರಿಕದ ವ್ಯಾಪಾರದ ಮೇಲೆ ಹಾಕಿದ ಸುಮಾರು ಶೇ 5ರ ತೆರಿಗೆಯಿಂದ. ಆ ವ್ಯಾಪಾರದ ಹೃದಯ ಮಲಬಾರ್ ಮತ್ತು ಕೆನರಾ ತೀರದ ಮೆಣಸು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದದ್ದು ನಮ್ಮ ಶಾಲಾ ಮಕ್ಕಳಿಗೂ ಗೊತ್ತು. ಮೆಣಸು ಕೊಯ್ದ ಕೈಗಳ ಹೆಸರು ಮಾತ್ರ ಗೇರುಸೊಪ್ಪೆಯಲ್ಲೂ ಉಳಿದಿಲ್ಲ, ಬೆಲೆಮ್ಮಿನಲ್ಲೂ ಇಲ್ಲ.

ಬೆಲೆಮ್‌ನಲ್ಲಿ ಪ್ರವಾಸಿಗಳಿಗೆ ತೋರಿಸುವುದೆಲ್ಲ ಈ ಕಡಲಯಾನದ ವೈಭವವನ್ನೇ. ಮಠವಿದೆ, ನೀರಿನಂಚಿನ ಕೋಟೆಯ ಗೋಪುರವಿದೆ, ಹಡಗಿನ ಮೂತಿಯ ಆಕಾರದ 'ಶೋಧಗಳ ಸ್ಮಾರಕ'ವಿದೆ. ಈ ಸ್ಮಾರಕ ಮೊದಲು ಸಲಜಾರನ ಸರ್ವಾಧಿಕಾರದ ಕಾಲದಲ್ಲಿ, 1940ರ ಮಹಾಪ್ರದರ್ಶನಕ್ಕೆಂದು ತಾತ್ಕಾಲಿಕವಾಗಿ ಎದ್ದಿತು. 1960ರಲ್ಲಿ ಅದನ್ನು ಕಲ್ಲು ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಲಾಯಿತು. ರಾಜರು, ನಾವಿಕರು, ಪಾದ್ರಿಗಳು ಅದರ ಮೇಲೆ ಸಾಲಾಗಿ ನಿಂತಿದ್ದಾರೆ. ಈ ಸಾಲಿಗೆ ಸೇರದೆ, ಚಿಮಣಿ ಮತ್ತು ಕಲ್ಲಿದ್ದಲ ಅಂಗಳದೊಂದಿಗೆ ನಿಂತ ಕಟ್ಟಡವೇ ನಮ್ಮ ವಿದ್ಯುದಾಗಾರ.

ಆರು ವರ್ಷಕ್ಕೆಂದು ಬಂದದ್ದು

ಲಿಸ್ಬನ್ನಿನ ಬೀದಿಗಳಲ್ಲಿ 19ನೇ ಶತಮಾನದ ಬಹುಭಾಗ ಉರಿದದ್ದು ಗ್ಯಾಸ್ ದೀಪ. ವಿದ್ಯುದ್ದೀಪದ ಮೊದಲ ಪ್ರಯೋಗ 1878ರಲ್ಲಿ ನಡೆಯಿತಾದರೂ ಅದು ಶ್ರೀಮಂತರ ಬೀದಿಯ ಬೆರಗಾಗಿಯೇ ಉಳಿಯಿತು. 1891ರಲ್ಲಿ ಎರಡು ಗ್ಯಾಸ್ ಕಂಪನಿಗಳು ಒಂದಾಗಿ 'ಸಂಯುಕ್ತ ಗ್ಯಾಸ್ ಮತ್ತು ವಿದ್ಯುತ್ ಕಂಪನಿ' ಹುಟ್ಟಿತು. ಬೇಡಿಕೆ ಏರತೊಡಗಿದಾಗ ಕಂಪನಿ ನದಿಯ ದಂಡೆಯಲ್ಲಿ ಹೊಸ ವಿದ್ಯುದಾಗಾರ ಕಟ್ಟಲು ನಿರ್ಧರಿಸಿತು. 1908ರಲ್ಲಿ ಕೆಲಸ ಆರಂಭವಾಗಿ 1909ರಲ್ಲಿ ವಿದ್ಯುತ್ ಹರಿಯಿತು. 'ಸೆಂತ್ರಾಲ್ ತೇಜೊ', ಅಂದರೆ ತೇಜೊ ಕೇಂದ್ರ, ಎಂಬುದು ಅದರ ಹೆಸರು.

ಈ ಮೊದಲ ಕಟ್ಟಡದ ಆಯುಷ್ಯ ಆರು ವರ್ಷ ಎಂದು ಲೆಕ್ಕ ಹಾಕಲಾಗಿತ್ತು. ಆದರೆ ಅದು 1921ರವರೆಗೂ ದುಡಿಯಿತು. 1914ರಲ್ಲಿ ಪಕ್ಕದಲ್ಲೇ ದೊಡ್ಡ ಕಟ್ಟಡದ ಕೆಲಸ ಹಿಡಿದರು. ಕಡಿಮೆ ಒತ್ತಡದ ಬಾಯ್ಲರುಗಳ ಈ ಭಾಗ ಬೆಳೆಯುತ್ತಲೇ ಹೋಯಿತು. 1938ರಲ್ಲಿ ಮೂಲ ಕಟ್ಟಡವನ್ನು ಕೆಡವಿ, ಆ ಜಾಗದಲ್ಲಿ ಅಧಿಕ ಒತ್ತಡದ ಬಾಯ್ಲರುಗಳಿಗಾಗಿ ಇನ್ನೂ ಎತ್ತರದ ಭವನ ಕಟ್ಟತೊಡಗಿದರು. ಆ ವಿಸ್ತರಣೆ ಮುಗಿದದ್ದು 1951ರಲ್ಲಿ. ಕಬ್ಬಿಣದ ಹಂದರಕ್ಕೆ ಇಟ್ಟಿಗೆಯ ಹೊದಿಕೆ, ಎತ್ತರದ ಕಮಾನು ಕಿಟಕಿಗಳು, ನೆತ್ತಿಯ ಮೇಲೆ ಅಲಂಕಾರದ ಕೈಪಿಡಿ ಗೋಡೆ. ದೂರದಿಂದ ನೋಡಿದವರಿಗೆ ಇದು ಕಾರ್ಖಾನೆಯೋ ಅರಮನೆಯೋ ಎಂಬ ಅನುಮಾನ ಬರುವಂತಿದೆ.

ನದಿಯ ದಂಡೆಯೇ ಏಕೆ ಬೇಕಿತ್ತು? ಕಾರಣ ಎರಡು. ಕಲ್ಲಿದ್ದಲು ಬರುತ್ತಿದ್ದುದು ಮುಖ್ಯವಾಗಿ ಬ್ರಿಟನ್ನಿನಿಂದ, ಹಡಗಿನಲ್ಲಿ. ದಂಡೆಯಲ್ಲೇ ಇಳಿಸಿಕೊಂಡರೆ ಸಾಗಣೆಯ ಖರ್ಚು ಉಳಿಯುತ್ತಿತ್ತು. ಎರಡನೆಯದಾಗಿ, ಟರ್ಬೈನ್ ತಿರುಗಿಸಿದ ಉಗಿಯನ್ನು ಮತ್ತೆ ನೀರಾಗಿಸಲು ಅಪಾರ ತಣ್ಣೀರು ಬೇಕು. ಅದನ್ನು ನದಿ ಕೊಡುತ್ತಿತ್ತು. ಹೀಗೆ ಇಂಧನ ಬರುವ ದಾರಿಯೂ ಬಿಸಿ ಆರಿಸುವ ತೊಟ್ಟಿಯೂ ಒಂದೇ ನದಿಯಾಯಿತು. ಆದರೆ ಪರದೇಶದ ಕಲ್ಲಿದ್ದಲನ್ನು ನೆಚ್ಚಿದ ಬೆಳಕು ಎಷ್ಟು ದುರ್ಬಲ ಎಂಬುದು ಎರಡು ಮಹಾಯುದ್ಧಗಳ ಕಾಲದಲ್ಲಿ ಅರಿವಾಯಿತು. ಹಡಗುಗಳು ಬಾರದಾದವು, ಬ್ರಿಟನ್ನಿನ ಕಲ್ಲಿದ್ದಲು ದುರ್ಲಭವಾಯಿತು. ದೇಶದೊಳಗಿನ ಕಳಪೆ ದರ್ಜೆಯ ಕಲ್ಲಿದ್ದಲಿಗೂ ಕೈಚಾಚಬೇಕಾಯಿತು.

ಒಳಗೆ ನಡೆದರೆ

ಇಂದು ಹಳೆಯ ಕಟ್ಟಡದೊಳಗೆ ಹೋಗುವವರು ಕಲ್ಲಿದ್ದಲು ಹೋದ ದಾರಿಯಲ್ಲೇ ಹೋಗಬಹುದು. ಆರಂಭ 'ಕಲ್ಲಿದ್ದಲ ಅಂಗಳ'ದಿಂದ. ದೋಣಿಗಳಿಂದ ದಂಡೆಗೆ ಹಲಗೆ ಹಾಸಿ, ಬುಟ್ಟಿಗಳಲ್ಲಿ ಹೊತ್ತು ತಂದ ಕಲ್ಲಿದ್ದಲನ್ನು ಇಲ್ಲಿ ರಾಶಿ ಹಾಕಿ ಒಣಗಿಸುತ್ತಿದ್ದರು. ಅಲ್ಲಿಂದ ಜರಡಿಗೆ, ಗಿರಣಿಗೆ. ಹದವಾದ ಕಲ್ಲಿದ್ದಲನ್ನು ಬಕೆಟ್ಟುಗಳ ಸರಪಳಿಯೊಂದು ಕಟ್ಟಡದ ನೆತ್ತಿಗೆ ಏರಿಸುತ್ತಿತ್ತು. ಬಾವಿಯ ರಾಟೆಗೆ ಒಂದರ ಹಿಂದೊಂದು ಕೊಡ ಕಟ್ಟಿದಂತೆ ಈ ಸರಪಳಿಯನ್ನು ಕಲ್ಪಿಸಿಕೊಳ್ಳಬಹುದು.

ಮುಂದೆ ಬಾಯ್ಲರ್ ಭವನ. ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಂಪನಿಯ ನಾಲ್ಕು ಬಾಯ್ಲರುಗಳು ಇಲ್ಲಿ ನಿಂತಿವೆ. ಎತ್ತರ ಸುಮಾರು 30 ಮೀಟರ್, ಅಂದರೆ ಹತ್ತಂತಸ್ತಿನ ಮನೆಯಷ್ಟು. ಮೇಲಿನಿಂದ ಸುರಿದ ಕಲ್ಲಿದ್ದಲು ಒಲೆಯೊಳಗಿನ ಕಬ್ಬಿಣದ ಜಾಲರಿಯ ಮೇಲೆ ಬೀಳುತ್ತಿತ್ತು. ಆ ಜಾಲರಿ ನಿಂತಲ್ಲಿ ನಿಲ್ಲುವುದಿಲ್ಲ. ಅದು ನಿಧಾನವಾಗಿ ಉರುಳುವ ಪಟ್ಟಿ. ಒಂದು ತುದಿಯಲ್ಲಿ ಬಿದ್ದ ಕಲ್ಲಿದ್ದಲು ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಉರಿದು ಬೂದಿಯಾಗಿರಬೇಕು. ವೇಗ ಹೆಚ್ಚಾದರೆ ಅರೆಬೆಂದ ಕಲ್ಲಿದ್ದಲು ಕೆಳಗೆ ಬಿದ್ದು ನಷ್ಟ, ಕಡಿಮೆಯಾದರೆ ಉಗಿ ಸಾಲದು. ಈ ಹದ ಕಾಯುವುದೇ ಬೆಂಕಿಯಾಳುಗಳ ವಿದ್ಯೆ.

15ನೇ ನಂಬರಿನ ಬಾಯ್ಲರಿನ ಒಡಲೊಳಗೇ ಸಂದರ್ಶಕರು ಹೋಗಿ ನೋಡುವ ಅವಕಾಶವಿದೆ. ಸಾವಿರ ಡಿಗ್ರಿ ಮೀರಿದ ಉರಿ ಇದ್ದ ಜಾಗದಲ್ಲಿ ಇಂದು ಶಾಲಾ ಮಕ್ಕಳು ನಿಂತು ತಲೆಯೆತ್ತಿ ನೋಡುತ್ತಾರೆ. ಗೋಡೆಯ ಗುಂಟ ಸಾಲಾಗಿ ಏರಿದ ಕೊಳವೆಗಳಲ್ಲಿ ನೀರು ಕಾದು ಉಗಿಯಾಗುತ್ತಿತ್ತು. ಈ ನೀರು ನದಿಯ ನೀರಲ್ಲ. ಬೆಲೆಮ್‌ನ ಹತ್ತಿರ ತೇಜೊ ಸಮುದ್ರ ಸೇರುವ ಅಳಿವೆ, ಭರತ ಬಂದಾಗ ಉಪ್ಪುನೀರು ಒಳನುಗ್ಗುತ್ತದೆ. ಅದನ್ನು ಕೊಳವೆಗೆ ಬಿಟ್ಟರೆ ಒಳಗೆಲ್ಲ ಉಪ್ಪು ಕಟ್ಟಿ ಬಾಯ್ಲರ್ ಹಾಳಾದೀತು. ಆದ್ದರಿಂದ ಶುದ್ಧ ಮಾಡಿದ ನೀರನ್ನೇ ಬಳಸಿ, ಟರ್ಬೈನ್ ತಿರುಗಿಸಿ ಬಂದ ಉಗಿಯನ್ನು ಮತ್ತೆ ನೀರಾಗಿಸಿ, ಅದನ್ನೇ ಬಾಯ್ಲರಿಗೆ ಹಿಂದಿರುಗಿಸುತ್ತಿದ್ದರು. ಉಗಿ ತಣಿಸುವ ಕೆಲಸಕ್ಕೆ ಮಾತ್ರ ನದಿಯ ನೀರು ಬೇರೆ ಕೊಳವೆಯಲ್ಲಿ ಬಂದು ಹೋಗುತ್ತಿತ್ತು. ಎರಡು ನೀರುಗಳು ಒಂದೇ ಯಂತ್ರದಲ್ಲಿ ಹರಿದರೂ ಎಂದೂ ಬೆರೆಯುತ್ತಿರಲಿಲ್ಲ.

ಯಂತ್ರಭವನ, ನಿಯಂತ್ರಣ ಕೊಠಡಿಗಳನ್ನು ನೋಡಿದರೆ ಬೇರೊಂದು ಲೋಕಕ್ಕೆ ಬಂದಂತೆ. ಇಲ್ಲಿ ಕಿಟಕಿಗಳು ದೊಡ್ಡವು, ನೆಲ ನುಣುಪು. ಹಿತ್ತಾಳೆಯ ಚೌಕಟ್ಟಿನ ಗಡಿಯಾರದಂಥ ಮಾಪಕಗಳು ಸಾಲುಗಟ್ಟಿವೆ. ಎಂಜಿನಿಯರುಗಳು ಕೋಟು ತೊಟ್ಟು ಕುಳಿತ ಜಾಗ ಇದು. ನಗರಕ್ಕೆ ಹೋಗುವ ವಿದ್ಯುತ್ತನ್ನು ಅಳೆದು ಕಳಿಸುತ್ತಿದ್ದುದು ಇಲ್ಲಿಂದಲೇ.

ಬೂದಿಮನೆ

ಇಡೀ ಕಟ್ಟಡದಲ್ಲಿ ಅತ್ಯಂತ ಗಂಭೀರವಾದ ಜಾಗವೆಂದರೆ ಬಾಯ್ಲರುಗಳ ಕೆಳಗಿನ ಬೂದಿಮನೆ. ಮೇಲೆ ಉರಿದದ್ದೆಲ್ಲ ಇಲ್ಲಿಗೆ ಬೀಳುತ್ತಿತ್ತು. ಕಾದ ಬೂದಿಯನ್ನೂ ಅರೆಬೆಂದ ಕಲ್ಲಿದ್ದಲ ಚೂರುಗಳನ್ನೂ ಬೇರ್ಪಡಿಸಿ ಹೊರಸಾಗಿಸುವುದು ಇಲ್ಲಿನವರ ಕೆಲಸ. ಮೇಲಿನಿಂದ ಬಾಯ್ಲರಿನ ಸೆಖೆ, ಸುತ್ತ ಧೂಳು, ಹೊಗೆ. ಬೆಂಕಿ ಆರುವಂತಿಲ್ಲವಾದ್ದರಿಂದ ಹಗಲೂ ರಾತ್ರಿ ಪಾಳಿ. ಕೇಂದ್ರದಲ್ಲಿ ಎಂಜಿನಿಯರಿನಿಂದ ಹಿಡಿದು ಕಲ್ಲಿದ್ದಲು ಹೊರುವವರವರೆಗೆ ನೂರಾರು ಮಂದಿ ದುಡಿದರು. ಅವರೆಲ್ಲರಲ್ಲಿ ಬೂದಿಮನೆಯವರ ಪಾಡು ಕಠಿಣವಾಗಿತ್ತು.

ಇಲ್ಲಿ ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಕೇಂದ್ರ ಭರದಿಂದ ದುಡಿದ ವರ್ಷಗಳಲ್ಲಿ ಪೋರ್ಚುಗಲ್ ಸರ್ವಾಧಿಕಾರದ ಅಡಿಯಲ್ಲಿತ್ತು. 1933ರ ಕಾರ್ಮಿಕ ಶಾಸನ ಮುಷ್ಕರವನ್ನು ನಿಷೇಧಿಸಿ, ಸ್ವತಂತ್ರ ಸಂಘಗಳ ಬಾಯಿ ಕಟ್ಟಿತು. ಬೂದಿಮನೆಯ ಸೆಖೆಯ ಬಗ್ಗೆ ದೂರಲು ಸಂಘವಿರಲಿಲ್ಲ. ನಗರದ ನಾಟಕಶಾಲೆಗಳು, ಟ್ರಾಮ್ ಬೀದಿಗಳು ಬೆಳಗುತ್ತಿದ್ದಾಗ ಆ ಬೆಳಕಿನ ತಳದಲ್ಲಿ ಇದ್ದ ಕತ್ತಲೆ ಈ ಬಗೆಯದು. ದೀಪದ ಬುಡದಲ್ಲೇ ಕತ್ತಲು ಎಂಬ ನಮ್ಮ ಗಾದೆಗೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ.

ನೀರು ಬಂತು, ಬೆಂಕಿ ತಣಿಯಿತು

ತೇಜೊ ಕೇಂದ್ರದ ಬೆಂಕಿಯನ್ನು ತಣಿಸಿದ್ದು ತೇಜೊದ ಉಪನದಿಯೇ. ಯುದ್ಧಕಾಲದ ಕಲ್ಲಿದ್ದಲ ಬರ ಕಂಡ ಪೋರ್ಚುಗಲ್ ಸರ್ಕಾರ 1944ರಲ್ಲಿ ರಾಷ್ಟ್ರೀಯ ವಿದ್ಯುದೀಕರಣದ ಕಾನೂನು ತಂದಿತು. ದೇಶದ ನದಿಗಳಿಂದಲೇ ವಿದ್ಯುತ್ ತೆಗೆಯಬೇಕು, ಉಷ್ಣ ಕೇಂದ್ರಗಳು ನೆರವಿಗಷ್ಟೇ ಇರಬೇಕು ಎಂಬುದು ಅದರ ಆಶಯ. ಎಂಜಿನಿಯರ್ ಫೆರೇರ ದಿಯಸ್ ಇದರ ಹಿಂದಿನ ಮುಖ್ಯ ಚಿಂತಕ. ಅದರ ಫಲವಾಗಿ ತೇಜೊದ ಉಪನದಿ ಝೆಜರೆಗೆ ಕಸ್ತೇಲೊ ದೊ ಬೋದೆ ಎಂಬಲ್ಲಿ 115 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. ಉದ್ಘಾಟನೆ 1951ರ ಜನವರಿ 21ರಂದು. ಲಿಸ್ಬನ್ನಿಗೆ ಇಂದು ಕುಡಿಯುವ ನೀರು ಬರುವುದೂ ಮುಖ್ಯವಾಗಿ ಅದೇ ಜಲಾಶಯದಿಂದ.

ವಿಚಿತ್ರವೆಂದರೆ ತೇಜೊ ಕೇಂದ್ರದ ಕೊನೆಯ ವಿಸ್ತರಣೆ ಮುಗಿದದ್ದೂ ಅದೇ 1951ರಲ್ಲಿ. ಪೂರ್ಣಗೊಂಡ ವರ್ಷವೇ ಅದು ಮೀಸಲು ಕೇಂದ್ರವಾಯಿತು. ಮಳೆ ಕೈಕೊಟ್ಟಾಗ, ಬೇಡಿಕೆ ಮಿತಿಮೀರಿದಾಗ ಮಾತ್ರ ಬಾಯ್ಲರಿಗೆ ಬೆಂಕಿ. 1972ರಲ್ಲಿ ಕೊನೆಯ ಬಾರಿ ವಿದ್ಯುತ್ ಉತ್ಪಾದಿಸಿ ಕೇಂದ್ರ ಸುಮ್ಮನಾಯಿತು. 1974ರ ಏಪ್ರಿಲ್ 25ರ ಕ್ರಾಂತಿಯಲ್ಲಿ ಸರ್ವಾಧಿಕಾರ ಉರುಳಿತು. ಮರುವರ್ಷ ವಿದ್ಯುತ್ ಕಂಪನಿಗಳು ರಾಷ್ಟ್ರೀಕರಣಗೊಂಡವು, ಕೇಂದ್ರವನ್ನು ವಿಧಿವತ್ತಾಗಿ ಮುಚ್ಚಲಾಯಿತು. 1976ರಲ್ಲಿ ಎಲ್ಲ ಕಂಪನಿಗಳನ್ನು ಕೂಡಿಸಿ 'ಇಡಿಪಿ' ಎಂಬ ಸರ್ಕಾರಿ ಸಂಸ್ಥೆ ರೂಪುಗೊಂಡಿತು. ಕಟ್ಟಡ ಅದರ ಕೈಸೇರಿತು.

ಮೂರು ಊರು, ಮೂರು ದಾರಿ

ಕೆಲಸ ನಿಂತ ವಿದ್ಯುದಾಗಾರವನ್ನು ಏನು ಮಾಡುವುದು? ನದಿಯ ದಂಡೆಯ ಜಾಗಕ್ಕೆ ಎಲ್ಲೆಡೆ ಬೆಲೆ ಹೆಚ್ಚು. ಕೆಡವಿ ಹಾಕುವುದು ಸುಲಭದ ದಾರಿ. ಉಳಿಸಿಕೊಂಡ ಊರುಗಳು ಬೇರೆ ಬೇರೆ ರೀತಿಯಲ್ಲಿ ಉಳಿಸಿಕೊಂಡಿವೆ.

ಲಂಡನ್ನಿನ ಥೇಮ್ಸ್ ದಂಡೆಯ ಬ್ಯಾಂಕ್‌ಸೈಡ್ ವಿದ್ಯುದಾಗಾರ 1981ರಲ್ಲಿ ಮುಚ್ಚಿ, 2000ದಲ್ಲಿ ಟೇಟ್ ಮಾಡರ್ನ್ ಎಂಬ ಆಧುನಿಕ ಕಲಾಶಾಲೆಯಾಯಿತು. ಅಲ್ಲಿ ಯಂತ್ರಗಳನ್ನು ತೆಗೆದುಹಾಕಿ, ಟರ್ಬೈನುಗಳಿದ್ದ ಭವನವನ್ನು ಖಾಲಿ ಮಾಡಿ ಬೃಹತ್ ಕಲಾಕೃತಿಗಳಿಗೆ ಬಿಟ್ಟುಕೊಟ್ಟರು. ರೋಮ್ ನಗರದ ಮೊಂತೆಮಾರ್ತಿನಿ ಕೇಂದ್ರದಲ್ಲಿ ಡೀಸೆಲ್ ಎಂಜಿನ್ನುಗಳನ್ನು ಹಾಗೇ ಬಿಟ್ಟು, 1997ರಲ್ಲಿ ಅವುಗಳ ನಡುವೆ ಪ್ರಾಚೀನ ರೋಮಿನ ಅಮೃತಶಿಲೆಯ ಮೂರ್ತಿಗಳನ್ನು ನಿಲ್ಲಿಸಿದರು. ಕಪ್ಪು ಕಬ್ಬಿಣದ ಮುಂದೆ ಬಿಳಿ ದೇವತೆಗಳು ನಿಂತ ಆ ನೋಟ ಸೊಗಸಾದದ್ದೇ. ಆದರೆ ಅಲ್ಲಿ ಯಂತ್ರ ಹಿನ್ನೆಲೆಯ ಪರದೆಯಾಗುತ್ತದೆ.

ಲಿಸ್ಬನ್ ಮೂರನೆಯ ದಾರಿ ಹಿಡಿಯಿತು. 1986ರಲ್ಲಿ ಸರ್ಕಾರ ಕಟ್ಟಡವನ್ನು ಸಾರ್ವಜನಿಕ ಮಹತ್ವದ ಆಸ್ತಿ ಎಂದು ಘೋಷಿಸಿತು. 1990ರಲ್ಲಿ ಅದು ವಿದ್ಯುತ್ ಮ್ಯೂಸಿಯಂ ಆಗಿ ತೆರೆಯಿತು. ನಂತರ ದೊಡ್ಡ ದುರಸ್ತಿ ನಡೆದು 2006ರಲ್ಲಿ ಮತ್ತೆ ಬಾಗಿಲು ತೆರೆಯಿತು. ಬಾಯ್ಲರು, ಬೂದಿಮನೆ, ಟರ್ಬೈನುಗಳು ತಮ್ಮ ತಮ್ಮ ಸ್ಥಾನದಲ್ಲೇ ಉಳಿದವು. ಕಲ್ಲಿದ್ದಲು ಹೇಗೆ ಬೆಳಕಾಯಿತು ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಕಾಲ್ನಡಿಗೆಯಲ್ಲಿ ಅರಿಯಲು ಸಾಧ್ಯವಾದದ್ದು ಈ ನಿರ್ಧಾರದಿಂದ. ಯಂತ್ರ ಉಳಿದರೆ ಅದರ ಮುಂದೆ ಬೆವರಿದ ಮನುಷ್ಯನನ್ನು ಊಹಿಸಿಕೊಳ್ಳಬಹುದು. ಯಂತ್ರವೇ ಹೋದರೆ ಆ ಊಹೆಗೂ ಆಸರೆ ಇರುವುದಿಲ್ಲ.

ಅಲೆಯಂಥ ಕಟ್ಟಡ

ಹತ್ತು ವರ್ಷಗಳ ನಂತರ ಕಥೆಗೆ ಹೊಸ ಅಧ್ಯಾಯ ಸೇರಿತು. ಇಡಿಪಿಯ ಪ್ರತಿಷ್ಠಾನ ಹಳೆಯ ಕೇಂದ್ರದ ಪಕ್ಕದಲ್ಲಿ ಕಲೆಗಾಗಿ ಹೊಸ ಕಟ್ಟಡ ಕಟ್ಟಿಸಿತು. ಸುಮಾರು 2 ಕೋಟಿ ಯೂರೊ ವೆಚ್ಚದ ಈ ಕಟ್ಟಡದ ವಿನ್ಯಾಸ ಬ್ರಿಟನ್ನಿನ ವಾಸ್ತುಶಿಲ್ಪಿ ಅಮಾಂಡಾ ಲೆವೀಟ್ ಅವರ ಸಂಸ್ಥೆಯದು. 2016ರ ಅಕ್ಟೋಬರ್ 5ರಂದು, ಪೋರ್ಚುಗಲ್ಲಿನ ಗಣರಾಜ್ಯ ದಿನದಂದು, ಅದನ್ನು ತೆರೆಯಲಾಯಿತು. ಅಂದು ಸಿದ್ಧವಾಗಿದ್ದದ್ದು ಮುಖ್ಯವಾಗಿ ಅಂಡಾಕಾರದ ದೊಡ್ಡ ಸಭಾಂಗಣ. ಉಳಿದ ಭಾಗಗಳು 2017ರ ಮಾರ್ಚ್‌ನಲ್ಲಿ ತೆರೆದವು.

ಕಟ್ಟಡ ಎತ್ತರಕ್ಕೆ ಹೋಗಿಲ್ಲ. ನದಿಯಿಂದ ಎದ್ದ ಅಲೆಯೊಂದು ದಂಡೆಗೆ ಒರಗಿದಂತಿದೆ. ಮುಂಭಾಗಕ್ಕೆ ಹೊದಿಸಿದ ಸುಮಾರು 15 ಸಾವಿರ ಪಿಂಗಾಣಿ ಬಿಲ್ಲೆಗಳು ಚಪ್ಪಟೆಯಾಗಿಲ್ಲ, ಉಬ್ಬಿವೆ. ಬೆಳಗ್ಗೆ ಒಂದು ಬಣ್ಣ, ಸಂಜೆ ಇನ್ನೊಂದು ಬಣ್ಣ ಕಾಣುವುದು ಅದರಿಂದಲೇ. ಗೋಡೆಗೆ ಬಣ್ಣದ ಬಿಲ್ಲೆ ಹೊದಿಸುವುದು ಪೋರ್ಚುಗೀಸರ ಹಳೆಯ ರೂಢಿ. 'ಅಝುಲೇಝು' ಎಂಬ ಅದರ ಹೆಸರು ಅರಬ್ಬಿಯಿಂದ ಬಂದದ್ದು. ಈ ಬಿಲ್ಲೆಗಳನ್ನು ಮಾತ್ರ ಸ್ಪೇನಿನ ಬಾರ್ಸಿಲೋನಾ ಬಳಿಯ ಕುಂಬಾರ ಮನೆತನದ ಕಾರ್ಖಾನೆಯೊಂದು ತಯಾರಿಸಿತು.

ಕಟ್ಟಡದ ನಿಜವಾದ ಕೊಡುಗೆ ಅದರ ಛಾವಣಿ. ಟಿಕೆಟ್ ಇಲ್ಲದೆ ಯಾರು ಬೇಕಾದರೂ ಅದರ ಮೇಲೆ ನಡೆದು ಹೋಗಬಹುದು. ಇದರ ಮಹತ್ವ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1890ರ ದಶಕದ ಹೊತ್ತಿಗೆ ನದಿಯ ಗುಂಟ ರೈಲು ಹಳಿ ಬಂತು, ಆಮೇಲೆ ಅಗಲವಾದ ರಸ್ತೆ, ಗೋದಾಮುಗಳು, ಕಾರ್ಖಾನೆಗಳು. ಬೆಲೆಮ್ ನಿವಾಸಿಗಳಿಗೆ ನದಿ ಕಣ್ಣಿಗೆ ಕಂಡರೂ ಕಾಲಿಗೆ ಸಿಗದಾಯಿತು. ಹೊಸ ಕಟ್ಟಡದ ಛಾವಣಿಯಿಂದ ಹಳಿ ಮತ್ತು ರಸ್ತೆಯ ಮೇಲೆ ಹಾದುಹೋಗುವ ಕಾಲುಸೇತುವೆ ಊರನ್ನೂ ನೀರನ್ನೂ ಮತ್ತೆ ಜೋಡಿಸಿದೆ. ಸಂಜೆ ಅಲ್ಲಿ ನಿಂತರೆ 1966ರಲ್ಲಿ ಕಟ್ಟಿದ ತೂಗುಸೇತುವೆ ಕಾಣುತ್ತದೆ. ಮೊದಲು ಅದಕ್ಕೆ ಸಲಜಾರನ ಹೆಸರಿತ್ತು. ಕ್ರಾಂತಿಯ ನಂತರ ಅದು 'ಏಪ್ರಿಲ್ 25ರ ಸೇತುವೆ'ಯಾಯಿತು.

ಒಳಗೆ ನಡೆದ ಕೆಲವು ಪ್ರದರ್ಶನಗಳು ಈ ದಂಡೆಯ ಕಥೆಯನ್ನೇ ಮುಂದುವರಿಸಿದವು. 2017ರಲ್ಲಿ ಮೆಕ್ಸಿಕೊದ ಕಲಾವಿದ ಎಕ್ತೋರ್ ಸಮೋರಾ ಅಂಡಾಕಾರದ ಸಭಾಂಗಣಕ್ಕೆ ಹಳೆಯ ಮೀನುಗಾರಿಕೆ ದೋಣಿಗಳನ್ನು ತರಿಸಿ, ಪ್ರೇಕ್ಷಕರ ಕಣ್ಣೆದುರೇ ಕೂಲಿಕಾರರಿಂದ ಅವುಗಳನ್ನು ಒಡೆಸಿದರು. ಕೃತಿಯ ಹೆಸರು 'ಸುವ್ಯವಸ್ಥೆ ಮತ್ತು ಪ್ರಗತಿ'. ಬ್ರೆಜಿಲ್ ದೇಶದ ಬಾವುಟದ ಮೇಲಿರುವ ಮಾತು ಅದು. 1986ರಲ್ಲಿ ಯುರೋಪಿನ ಆರ್ಥಿಕ ಸಮುದಾಯ ಸೇರಿದ ಮೇಲೆ ಪೋರ್ಚುಗಲ್ಲಿನ ಮೀನುದೋಣಿಗಳ ಸಂಖ್ಯೆ ಇಳಿಯುತ್ತಲೇ ಬಂದಿದೆ. ದೋಣಿ ಒಡೆಯಲು ಪರಿಹಾರಧನವೂ ಸಿಗುತ್ತಿತ್ತು. ಮರ ಸೀಳುವ ಸದ್ದು ಕೇಳಿದವರಿಗೆ ಪ್ರಗತಿ ಎಂಬ ಮಾತಿನ ಬೆಲೆ ಬಿಡಿಸಿ ಹೇಳಬೇಕಾಗಿರಲಿಲ್ಲ. 2018ರಲ್ಲಿ ಜಪಾನಿನ ತದಾಶಿ ಕವಾಮಾತಾ ಕಡಲ ತೀರದಿಂದ ಆಯ್ದು ತಂದ ಪ್ಲಾಸ್ಟಿಕ್ ಕಸವನ್ನೇ ಅದೇ ಸಭಾಂಗಣದಲ್ಲಿ ತಲೆಯ ಮೇಲೆ ತೇಲುವ ಸಮುದ್ರದಂತೆ ಹಬ್ಬಿಸಿದರು.

ಇಂಥ ಕೃತಿಗಳನ್ನು ನೋಡಿ 'ಇದು ಕಲೆಯೇ?' ಎಂದು ಕೇಳುವವರು ಇದ್ದೇ ಇದ್ದಾರೆ. ಪಕ್ಕದ ಹಳೆಯ ಕಟ್ಟಡವನ್ನು ಮೊದಲು ನೋಡಿ ಬಂದವರಿಗೆ ಆ ಪ್ರಶ್ನೆ ಅಷ್ಟಾಗಿ ಕಾಡಲಾರದು. ಬೂದಿಮನೆಯಲ್ಲಿ ಕಂಡ ಕೂಲಿಯೇ ದೋಣಿ ಒಡೆಯುವವರ ಕೈಯಲ್ಲಿ ಮತ್ತೆ ಕಾಣಿಸುತ್ತದೆ.

ಒಡೆಯ ಯಾರು?

ಇಷ್ಟಾದರೂ ಒಂದು ಮುಜುಗರದ ಪ್ರಶ್ನೆ ಉಳಿಯುತ್ತದೆ. ಈ ಮ್ಯೂಸಿಯಂ ಸರ್ಕಾರದ್ದಲ್ಲ, ವಿದ್ಯುತ್ ಕಂಪನಿಯ ಪ್ರತಿಷ್ಠಾನದ್ದು. ಇಡಿಪಿಯ ಖಾಸಗೀಕರಣ 1997ರಲ್ಲಿ ಶುರುವಾಯಿತು. 2011ರಲ್ಲಿ ಪೋರ್ಚುಗಲ್ ಸಾಲದ ಸುಳಿಗೆ ಸಿಕ್ಕಿ ಹೊರಗಿನ ನೆರವು ಬೇಡಿದಾಗ, ನೆರವಿನ ಷರತ್ತುಗಳಲ್ಲಿ ಇಡಿಪಿಯ ಸರ್ಕಾರಿ ಪಾಲಿನ ಮಾರಾಟವೂ ಸೇರಿತ್ತು. ಆ ವರ್ಷದ ಕೊನೆಯಲ್ಲಿ ಚೀನಾದ ತ್ರೀ ಗಾರ್ಜಸ್ ಸಂಸ್ಥೆ ಸುಮಾರು 270 ಕೋಟಿ ಯೂರೊಗೆ ಶೇ 21.35ರ ಪಾಲು ಕೊಂಡಿತು. ಕ್ರಾಂತಿಯ ಮರುವರ್ಷ ಜನರ ಆಸ್ತಿಯಾದದ್ದು ಹೀಗೆ ಕೈ ಬದಲಾಯಿಸಿತು. ಐದು ವರ್ಷಗಳ ನಂತರ ಬಿಳಿ ಕಟ್ಟಡ ಎದ್ದಿತು.

ಕಂಪನಿಯೊಂದು ತನ್ನ ಲಾಭದ ಒಂದಂಶವನ್ನು ಕಲೆಗೆ ಕೊಡುವುದು ಒಳ್ಳೆಯದೇ. ಆದರೆ ಪರಂಪರೆಯನ್ನು ಕಾಯುವ ಕೈ ಎಲ್ಲೆಡೆಯೂ ಕಾಯಲಿಲ್ಲ. ಉತ್ತರ ಪೋರ್ಚುಗಲ್ಲಿನ ತುವಾ ಕಣಿವೆಯಲ್ಲಿ 1887ರಷ್ಟು ಹಳೆಯ, ಬಂಡೆಗಳನ್ನು ಕಡಿದು ಹಾಕಿದ ಕಿರಿದಾದ ರೈಲುಮಾರ್ಗವಿತ್ತು. ಇಡಿಪಿ ಅಲ್ಲಿ ಕಟ್ಟಿದ ಅಣೆಕಟ್ಟೆಯ ವಿರುದ್ಧ ವರ್ಷಗಟ್ಟಲೆ ಪ್ರತಿಭಟನೆ ನಡೆದರೂ 2017ರ ಹೊತ್ತಿಗೆ ಹಳಿಯ ಒಂದು ಭಾಗ ನೀರಿನಡಿ ಸೇರಿತು. ಲಿಸ್ಬನ್ನಿನಲ್ಲಿ ಬಿಳಿ ಕಟ್ಟಡ ತೆರೆದದ್ದೂ ಆ ಕಣಿವೆ ಮುಳುಗಿದ್ದೂ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ. ಮ್ಯೂಸಿಯಂ ನೋಡುವವರು ಈ ಎರಡನ್ನೂ ಒಟ್ಟಿಗೆ ತಿಳಿದಿರುವುದು ಮೇಲು. ಯಾವುದು ಪರಂಪರೆ, ಯಾವುದು ಅಡ್ಡಿ ಎಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಗಾಮನ ಊರಿನ ಚಿಮಣಿ

ಕಲ್ಲಿದ್ದಲಿನ ಕಥೆ ತೇಜೊ ದಂಡೆಯಲ್ಲಿ 1972ರಲ್ಲಿ ಮುಗಿದರೂ ದೇಶದಲ್ಲಿ ಮುಗಿದಿರಲಿಲ್ಲ. ಲಿಸ್ಬನ್ನಿನ ದಕ್ಷಿಣಕ್ಕೆ, ವಾಸ್ಕೊ ಡ ಗಾಮನ ಹುಟ್ಟೂರೆನ್ನುವ ಸಿನೆಸ್ ಎಂಬ ಬಂದರಿನಲ್ಲಿ 1985ರಿಂದ ದೊಡ್ಡ ಕಲ್ಲಿದ್ದಲು ವಿದ್ಯುದಾಗಾರ ಕೆಲಸ ಮಾಡುತ್ತಿತ್ತು. ಇಡಿಪಿ ಅದನ್ನು 2021ರ ಜನವರಿಯಲ್ಲಿ ಮುಚ್ಚಿತು. ಅದೇ ವರ್ಷದ ನವೆಂಬರಿನಲ್ಲಿ ಪೆಗೊ ಎಂಬಲ್ಲಿನ ಇನ್ನೊಂದು ಕೇಂದ್ರವೂ ನಿಂತು, ಪೋರ್ಚುಗಲ್ ಕಲ್ಲಿದ್ದಲು ಸುಟ್ಟು ವಿದ್ಯುತ್ ತಯಾರಿಸುವುದನ್ನೇ ಬಿಟ್ಟಿತು. ಹವಾಮಾನದ ದೃಷ್ಟಿಯಿಂದ ಇದು ಬೇಕಾದ ಹೆಜ್ಜೆ. ಸಿನೆಸ್ ಮತ್ತು ಪೆಗೊಗಳಲ್ಲಿ ಕೆಲಸ ಕಳೆದುಕೊಂಡವರಿಗೆ ಅದರ ಬೆಲೆ ಬೇರೆ.

ಮುಂದಿನ ದಶಕಗಳಲ್ಲಿ ಜಗತ್ತಿನ ಅನೇಕ ದೇಶಗಳು ಇಂಥ ಬಾಯ್ಲರುಗಳನ್ನು ಆರಿಸಲಿವೆ. ಪ್ರತಿಯೊಂದು ಕಡೆಯೂ ಲಿಸ್ಬನ್ ಎದುರಿಸಿದ ಪ್ರಶ್ನೆಯೇ ಬರಲಿದೆ. ಕಟ್ಟಡ ಕೆಡವಿ ಜಾಗ ಮಾರುವುದೋ, ಖಾಲಿ ಮಾಡಿ ಚೆಂದಗಾಣಿಸುವುದೋ, ಅಥವಾ ಕಲ್ಲಿದ್ದಲು ಹೋದ ದಾರಿಯನ್ನು ಹಾಗೇ ಉಳಿಸುವುದೋ? ಬೆಲೆಮ್‌ನ ಇತರ ಸ್ಮಾರಕಗಳಲ್ಲಿ ಹಡಗು ಹತ್ತಿದವರ ಮುಖಗಳು ಕಲ್ಲಿನಲ್ಲಿವೆ. ಈ ಮ್ಯೂಸಿಯಮ್ಮಿನಲ್ಲಿ ದುಡಿದವರ ಮುಖಗಳು ಕಲ್ಲಿಗೆ ಏರಿಲ್ಲ. ಆದರೂ ಅವರು ನಿಂತು ದುಡಿದ ಜಾಗ ಅಲ್ಲೇ ಇದೆ, ಯಾರು ಬೇಕಾದರೂ ಹೋಗಿ ನಿಲ್ಲಬಹುದು.

ಮ್ಯೂಸಿಯಮ್ಮಿಗೆ ಮಂಗಳವಾರ ರಜೆ. ಉಳಿದ ದಿನಗಳಲ್ಲಿ ಹೋಗುವವರಲ್ಲಿ ಬಹಳ ಮಂದಿ ಬಿಳಿ ಛಾವಣಿ ಹತ್ತಿ, ಸೂರ್ಯಾಸ್ತ ನೋಡಿ, ಫೋಟೊ ತೆಗೆದು ಹಿಂದಿರುಗುತ್ತಾರೆ. ಅಷ್ಟಕ್ಕೇ ಬರುವುದು ತಪ್ಪೇನಲ್ಲ, ನೋಟ ನಿಜಕ್ಕೂ ಮನೋಹರವಾಗಿದೆ. ಆದರೆ ಸಮಯ ಇದ್ದವರು ಮೊದಲು ಕೆಂಪು ಕಟ್ಟಡಕ್ಕೆ ಹೋಗುವುದು ಒಳ್ಳೆಯದು. ಬಾಯ್ಲರುಗಳ ಕೆಳಗಿನ ಬೂದಿಮನೆಯಲ್ಲಿ ಐದು ನಿಮಿಷ ನಿಂತು, ಆಮೇಲೆ ಛಾವಣಿ ಹತ್ತಲಿ. ಕತ್ತಲಾಗುತ್ತಲೇ ತೇಜೊದ ಎರಡೂ ದಂಡೆಗಳಲ್ಲಿ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ.